ಜೀರುಂಡೆ ಸತ್ತ ರಾತ್ರಿ

ಸುತ್ತಿಗೆ ಬಿದ್ದಾಗ ರಾತ್ರಿ ಒಂಬತ್ತೂಕಾಲು. ಪಿನೋಕಿಯೋ ಅನ್ನೋ ಮರದ ಗೊಂಬೆಗೆ ಗೋಡೆ ಮೇಲಿದ್ದ ಜೀರುಂಡೆಯೊಂದು ಬುದ್ಧಿ ಹೇಳುತ್ತೆ. ಗೊಂಬೆಗೆ ರೇಗಿ, ಕೈಗೆ ಸಿಕ್ಕ ಸುತ್ತಿಗೆಯನ್ನು ಬೀಸಿ ಒಗೆಯುತ್ತೆ. ಜೀರುಂಡೆ ಕೊನೇ ಸಲ ಕಿರ್ರ್ ಅಂದು ಗೋಡೆಗೇ ಅಂಟಿಕೊಂಡು ಸಾಯುತ್ತೆ. ಅಲ್ಲಿಗೆ ನಾಲ್ಕನೇ ಅಧ್ಯಾಯ ಮುಗಿಯುತ್ತೆ. ನಾನು ರೂಢಿಯಂತೆ ಪುಸ್ತಕ ಮುಚ್ಚಿ, "ಮಿಕ್ಕಿದ್ದು ನಾಳೆ" ಅಂದು ಲೈಟು ಆರಿಸಿದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕತ್ತಲಲ್ಲಿ ಮಗಳ ದನಿ: "ಅಮ್ಮಾ, ಜೀರುಂಡೆ ಸತ್ತೇಹೋಯ್ತಾ?"

ಹೌದು ಅನ್ನಲೋ ಇಲ್ಲ ಅನ್ನಲೋ ನನಗೇ ಗೊತ್ತಿರಲಿಲ್ಲ. ನಾನು ಬೆಳೆದಿದ್ದು 1940ರ ಡಿಸ್ನಿ ಸಿನಿಮಾ ನೋಡಿಕೊಂಡು. ಅದರಲ್ಲಿ ಜೀರುಂಡೆ ಕೊನೇವರೆಗೂ ಗೊಂಬೆಯ ಜೊತೆಗಾರ. ಮೂಲ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪ್ರತಿಯನ್ನು ರಾತ್ರಿ ರಾತ್ರಿ ಕನ್ನಡ ಮಾಡಿಕೊಂಡು ಓದುತ್ತಿದ್ದೆ, ಅಷ್ಟೆ. ಇದರ ಮೇಲೆ ನಮ್ಮ ಮನೆ ಹಿಂದಿನ ಖಾಲಿ ಸೈಟು. ಮಳೆ ನಿಂತ ಮೇಲೆ ಅಲ್ಲಿ ನಿಜವಾದ ಜೀರುಂಡೆಗಳು ಒಂದೇ ಸಮನೆ ಕಿರ್ರೆನ್ನುತ್ತಿದ್ದವು. ಮಗಳು ಹನ್ನೊಂದು ಗಂಟೆವರೆಗೂ ನನ್ನ ಕೈ ಬಿಡಲಿಲ್ಲ. ಆಗ ಅವಳಿಗೆ ಐದು ಮುಕ್ಕಾಲು ವರ್ಷ, ಯುಕೆಜಿ. ತಮ್ಮನಿಗೆ ನಾಲ್ಕು. ಕಥೆಯಲ್ಲಿ ಗೊಂಬೆಗೆ ಹೆಸರಿಡುವ ಮೊದಲೇ ಅವನು ನಿದ್ದೆ ಹೋಗಿದ್ದ, ಹಾಗಾಗಿ ಬಚಾವು.

ಆ ಪುಸ್ತಕದ ಹಿಂದೆ "6 ರಿಂದ 9 ವರ್ಷದವರಿಗೆ" ಅಂತ ಮುದ್ರಿಸಿತ್ತು. ಮೂರು ತಿಂಗಳು ಹೆಚ್ಚುಕಮ್ಮಿ, ಪರವಾಗಿಲ್ಲ ಅಂದುಕೊಂಡಿದ್ದೆ.

ಅಧ್ಯಾಯಗಳಿರುವ ಪುಸ್ತಕಕ್ಕೆ ಯಾಕೆ ಹೋದೆ ಅಂತ ಹೇಳಬೇಕು. ಅದುವರೆಗೆ ನಮ್ಮದು ಚಿತ್ರಪುಸ್ತಕಗಳ ಮನೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಒಂದರಿಂದ ನಾಲ್ಕರವರೆಗೆ ಹಂತಗಳು. ಒಂದನೇ ಹಂತದಲ್ಲಿ ಪುಟಕ್ಕೊಂದು ಸಾಲು, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಒಂದು ಕಥೆಯೇ ಸಾವಿರದೈನೂರು ಪದ ದಾಟುತ್ತೆ. ಮಗಳು ನಾಲ್ಕನೇ ಹಂತವನ್ನೂ ನುಂಗಿ ನೀರು ಕುಡಿದಿದ್ದಳು. ಹತ್ತು ನಿಮಿಷಕ್ಕೆ ಕಥೆ ಮುಗಿಯೋದು, "ಇನ್ನೊಂದು" ಅನ್ನೋಳು. ಅದು ಮುಗಿದರೆ ಮತ್ತೊಂದು. ನನಗೆ ಬೇಕಾಗಿದ್ದು ವಾರಗಟ್ಟಲೆ ನಡೆಯುವ ಒಂದು ಕಥೆ.

ಹುಡುಕಲು ಹೊರಟ ಮೇಲೆ ಗೊತ್ತಾಯಿತು, ಕನ್ನಡದ ಕಪಾಟಿನಲ್ಲಿ ನಡುವೆ ಒಂದು ಮೆಟ್ಟಿಲೇ ಇಲ್ಲದ ಹಾಗಿದೆ. ಕೆಳಗಡೆ ಬೇಕಾದಷ್ಟು ಚಿತ್ರಪುಸ್ತಕಗಳು. ಮೇಲ್ಗಡೆ ದೊಡ್ಡವರ ಕಾದಂಬರಿಗಳು. ನಡುವೆ, ಐದಾರು ವರ್ಷದ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ದಿನಕ್ಕೊಂದು ಅಧ್ಯಾಯ ಓದಬಹುದಾದಂಥವು ಕೈಬೆರಳಲ್ಲಿ ಎಣಿಸುವಷ್ಟು. ದಸರಾ ಹೊತ್ತಿನ ಮಳಿಗೆಯೊಂದರಲ್ಲಿ "ಮಕ್ಕಳಿಗಾಗಿ ಸಂಕ್ಷಿಪ್ತ" ಅನ್ನೋ ಮಾಲೆಯ ಐದು ಪುಸ್ತಕ ಒಟ್ಟಿಗೇ ತಂದೆ. ಯಾರ ಪ್ರಕಟಣೆ ಅಂತ ಹೇಳಲ್ಲ. ಐನೂರು ಪುಟದ ಕಾದಂಬರಿಯನ್ನು ಅರವತ್ತು ಪುಟಕ್ಕೆ ಹಿಂಡಿದ್ದರು. ಪುಟಕ್ಕೆ ಎರಡು ಹಡಗು ಮುಳುಗೋದು. ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯುವ ಮೊದಲೇ ಒಬ್ಬರು ಸತ್ತು ಇನ್ನೊಬ್ಬರಿಗೆ ಮದುವೆ ಆಗಿಬಿಡೋದು. ಸಾಲದ್ದಕ್ಕೆ ಭಾಷೆ: "ಎಂದು ಆತನು ಆಶ್ಚರ್ಯಚಕಿತನಾಗಿ ಉದ್ಗರಿಸಿದನು." ಇದನ್ನು ಬಾಯಿಬಿಟ್ಟು ಓದಿ ನೋಡಿ. ಮಗಳು ಎರಡನೇ ದಿನ ಕೇಳಿದಳು: "ಅಮ್ಮಾ, ಇವ್ರೆಲ್ಲ ಯಾಕೆ ನ್ಯೂಸ್ ಥರ ಮಾತಾಡ್ತಾರೆ?"

ಹೀಗೆ ಅಂತ ಗ್ರಾಂಥಿಕ ಕನ್ನಡವೇ ಬೇಡ ಅನ್ನುವವಳಲ್ಲ ನಾನು. ಮೊದಮೊದಲು "ಹೇಳಿದಳು" ಅಂತ ಇದ್ದದ್ದನ್ನೆಲ್ಲ "ಹೇಳಿದ್ಲು" ಮಾಡಿ ಓದುತ್ತಿದ್ದೆ. ಒಂದು ದಿನ ಸುಸ್ತಾಗಿ ಇದ್ದದ್ದು ಇದ್ದ ಹಾಗೇ ಓದಿದೆ, ಅವಳಿಗೇನೂ ಅನ್ನಿಸಲಿಲ್ಲ. ವಾರ ಕಳೆದ ಮೇಲೆ ಊಟದ ನಡುವೆ ಎದ್ದು ನಿಂತು, "ಅಮ್ಮಾ, ನಾನು ಕೂಡಲೇ ಸುಸ್ಸು ಮಾಡ್ಬೇಕು" ಅಂದಳು. ಹದಿನೈದು ದಿನ ನಮ್ಮನೇಲಿ ಎಲ್ಲವೂ ಕೂಡಲೇ ಆಗಬೇಕಿತ್ತು. ಪುಸ್ತಕದ ಮಾತು ಮಕ್ಕಳಿಗೆ ಹಿಡಿಸುತ್ತೆ, ಜೀವ ಇಲ್ಲದ ಮಾತು ಹಿಡಿಸಲ್ಲ. ಎರಡಕ್ಕೂ ವ್ಯತ್ಯಾಸ ನನಗೆ ತಿಳಿದದ್ದು ಅಂಗಡಿಯಲ್ಲೇ ನಿಂತು ಅರ್ಧ ಪುಟ ಪಿಸುಗುಟ್ಟಿ ನೋಡುವ ಅಭ್ಯಾಸ ಮಾಡಿಕೊಂಡ ಮೇಲೆ. ಅಕ್ಕಪಕ್ಕದವರು ವಿಚಿತ್ರವಾಗಿ ನೋಡ್ತಾರೆ, ನೋಡಲಿ. ಕಣ್ಣಿಗೆ ಸಲೀಸು ಅನ್ನಿಸಿದ ಎಷ್ಟೋ ವಾಕ್ಯ ಬಾಯಲ್ಲಿ ಮುರಿದು ಬೀಳುತ್ತೆ.

ಜೀರುಂಡೆಯ ಮಾರನೇ ದಿನ ನಮ್ಮಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಮಲಗೋ ಹೊತ್ನಲ್ಲಿ ಸಾಯೋ ಕಥೆ ಯಾಕೆ ಓದಿದ್ಯೇ?" ಅಂದಳು.

"ನೀನು ಹೇಳ್ತಿರ್ಲಿಲ್ವಾ? ಗೋವಿನ ಹಾಡು?"

ಅಮ್ಮ ಸುಮ್ಮನಾದಳು. ಆಮೇಲೆ ನಾನೂ ಯೋಚನೆಗೆ ಬಿದ್ದೆ. ಮೂರು ವರ್ಷಕ್ಕೇ ನಾನು ಅಮ್ಮನ ತೊಡೆ ಮೇಲೆ ಕೂತು ಪುಣ್ಯಕೋಟಿ ಕಥೆ ಕೇಳಿದ್ದೆ. ನನ್ನ ಮಗಳೂ ಕೇಳಿದ್ದಾಳೆ, ಆಗ ಅವಳಿಗೆ ಮೂರು ತುಂಬಿರಲಿಲ್ಲ. ಅದರಲ್ಲಿರೋದೇನು? ತಾಯಿ ತನ್ನ ಎಳೇ ಕರುವಿಗೆ, ನಾನು ಸಾಯಲು ಹೋಗುತ್ತಿದ್ದೇನೆ ಅಂತ ಹೇಳಿ ಹೊರಡುತ್ತಾಳೆ. ಕರು ಯಾರ ಬಳಿ ಹಾಲು ಕುಡಿಯಲಿ, ಯಾರ ಹತ್ತಿರ ಮಲಗಲಿ ಅಂತ ಕೇಳುತ್ತೆ. ಕೊನೆಗೆ ಹುಲಿ ಪ್ರಾಣ ಬಿಡುತ್ತೆ. ಒಂದು ಹುಳದ ಸಾವಿಗೂ ಇದಕ್ಕೂ ಹೋಲಿಕೆ ಉಂಟಾ? ಆದರೂ ಆ ಹಾಡು ಕೇಳಿ ನಿದ್ದೆಗೆಟ್ಟ ಮಗುವನ್ನು ನಾನು ಕಂಡಿಲ್ಲ. ಅತ್ತು ನಿದ್ದೆ ಹೋದವರನ್ನು ಕಂಡಿದ್ದೇನೆ, ಅದು ಬೇರೆ.

ನನಗೆ ಹೊಳೆದದ್ದು ಇಷ್ಟು: ಗೋವಿನ ಹಾಡು ಒಂದೇ ಕೂತಿಗೆ ಮುಗಿಯುತ್ತೆ. ಕರು ಅಳುವ ಜಾಗದಲ್ಲಿ ನಿಲ್ಲಿಸಿ "ಮಿಕ್ಕಿದ್ದು ನಾಳೆ" ಅಂತ ಯಾವ ಅಜ್ಜಿಯೂ ಎದ್ದು ಹೋಗಲ್ಲ. ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'ಯ ಹನ್ನೆರಡು ಸಂಪುಟಗಳೂ ಹಾಗೇ, ಅವತ್ತಿನ ಕಥೆ ಅವತ್ತಿಗೆ. ಅಧ್ಯಾಯಗಳ ಪುಸ್ತಕ ಮಾತ್ರ ಮಗುವಿನ ಕೈಯಲ್ಲಿ ಅರ್ಧ ಕಥೆ ಕೊಟ್ಟು ಕತ್ತಲಿಗೆ ಕಳಿಸುತ್ತೆ. ಇವತ್ತಿನ ಒಂಬತ್ತೂವರೆಯಿಂದ ನಾಳೆಯ ಒಂಬತ್ತರವರೆಗೆ ಆ ಅರ್ಧ ಅವಳ ತಲೆಯಲ್ಲೇ ಇರುತ್ತೆ. ಅವಳ ವಯಸ್ಸಿಗೆ ಈ ಪುಸ್ತಕ ಸರಿಯಾ ಅನ್ನುವ ಪ್ರಶ್ನೆ ನನಗೆ ಅಲ್ಲಿಂದಾಚೆ, ಈ ಪುಸ್ತಕದ ಯಾವ ಅರ್ಧವನ್ನು ಅವಳು ಒಂದು ರಾತ್ರಿ ಹೊತ್ತುಕೊಂಡಾಳು ಅನ್ನುವ ಪ್ರಶ್ನೆಯಾಯಿತು.

ಅಲ್ಲಿಂದ ಪೆನ್ಸಿಲ್ ಶುರುವಾಯಿತು. ಮಧ್ಯಾಹ್ನ ಮಗ ಮಲಗಿರುವಾಗ ರಾತ್ರಿಯ ಪುಟಗಳನ್ನು ಮೊದಲೇ ಓದಿ, ಎಲ್ಲಿ ನಿಲ್ಲಿಸಬೇಕು ಅಂತ ಅಂಚಿನಲ್ಲಿ ಒಂದು ಸಣ್ಣ ಗೆರೆ. ಲೇಖಕರು ಅಧ್ಯಾಯ ಮುಗಿಸಿದ ಕಡೆಯೇ ನಾನೂ ಮುಗಿಸಬೇಕು ಅಂತೇನಿಲ್ಲವಲ್ಲ. ಎಷ್ಟೋ ಸಲ ನನ್ನ ಗೆರೆ ಮುಂದಿನ ಅಧ್ಯಾಯದ ಎರಡನೇ ಪ್ಯಾರಾದಲ್ಲಿ ಬೀಳುತ್ತಿತ್ತು. ಕಳೆದುಹೋದ ನಾಯಿ ಸಿಕ್ಕಿದ ಮೇಲೆ. ಅಥವಾ ಸುಮ್ಮನೆ ಯಾರಾದರೂ ಊಟಕ್ಕೆ ಕೂತ ಮೇಲೆ.

ಈ ಗೆರೆ ಹಾಕಿ ಓದಿದ ಮೊದಲ ಪುಸ್ತಕ ತೊತ್ತೋಚಾನ್. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ 1981ರಲ್ಲಿ ಬರೆದದ್ದು. ವಿ. ಗಾಯತ್ರಿ ಕನ್ನಡಕ್ಕೆ ತಂದಿದ್ದಾರೆ, ನ್ಯಾಷನಲ್ ಬುಕ್ ಟ್ರಸ್ಟ್‌ನ ಪ್ರಕಟಣೆ. ನಾನು ಇದನ್ನು ಬಿ.ಎಡ್ ಓದುವಾಗ ಶಿಕ್ಷಣದ ಪುಸ್ತಕ ಅಂತ ಓದಿದ್ದೆ. ಮಕ್ಕಳಿಗೆ ಓದಬಹುದು ಅಂತ ಹೊಳೆದೇ ಇರಲಿಲ್ಲ. ಒಂದೊಂದು ಅಧ್ಯಾಯ ಎರಡು ಮೂರು ಪುಟ. ಬಹುಪಾಲು ಅಧ್ಯಾಯಗಳು ತಮ್ಮಷ್ಟಕ್ಕೆ ಮುಗಿಯುತ್ತವೆ, ಆದರೆ ಹುಡುಗಿ ಮಾತ್ರ ನಾಳೆಗೂ ಇರುತ್ತಾಳೆ. ಚಿತ್ರಪುಸ್ತಕದಿಂದ ಬರುವ ಮಗುವಿಗೆ ಇದಕ್ಕಿಂತ ಒಳ್ಳೇ ಮೆಟ್ಟಿಲು ನನಗೆ ಸಿಕ್ಕಿಲ್ಲ.

ಹಳೇ ರೈಲು ಬೋಗಿಗಳೇ ತರಗತಿಗಳು ಅಂದ ಕೂಡಲೇ ಮಗಳು ಎದ್ದು ಕೂತಳು. ತೊತ್ತೋಚಾನ್‌ಳ ಪರ್ಸು ಕಕ್ಕಸಿನ ಗುಂಡಿಗೆ ಬೀಳುವ ಅಧ್ಯಾಯವನ್ನಂತೂ ಆರು ಸಲ ಓದಿಸಿದಳು. ತೊತ್ತೋಚಾನ್ ಉದ್ದ ಹಿಡಿಯ ಸೌಟಿನಂಥದ್ದು ತಂದು ಗುಂಡಿಯಿಂದ ಮೊಗೆದು ಮೊಗೆದು ಪಕ್ಕದಲ್ಲಿ ರಾಶಿ ಹಾಕುತ್ತಾಳೆ. ಹೆಡ್‌ಮಾಸ್ತರು ಬಂದು ನೋಡುತ್ತಾರೆ, ಬೈಯಲ್ಲ. ಮುಗಿದ ಮೇಲೆ ಎಲ್ಲ ವಾಪಸ್ ಹಾಕ್ತೀಯಲ್ವಾ ಅಂತ ಮಾತ್ರ ಕೇಳುತ್ತಾರೆ. ಮಗ ನಿದ್ದೆ ಹೋಗದೆ ಪೂರ್ತಿ ಕೇಳಿದ ಮೊದಲ ಅಧ್ಯಾಯ ಇದೇ. ನಾಲ್ಕು ವರ್ಷದವನಿಗೆ ಯಾವ ಸಾಹಿತ್ಯ ತಕ್ಕದ್ದು ಅಂತ ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರ ಇದೆ: ಕಕ್ಕ ಇರಬೇಕು.

ಮುಂದೆ ಜಾತ್ರೆಯಲ್ಲಿ ತೊತ್ತೋಚಾನ್ ಕೋಳಿಮರಿ ಬೇಕು ಅಂತ ಹಟ ಮಾಡೋದು ಬರುತ್ತೆ. ಬದುಕಲ್ಲ ಅಂತ ಅಪ್ಪ ಅಮ್ಮ ಎಷ್ಟು ಹೇಳಿದರೂ ಕೇಳದೆ ತರುತ್ತಾಳೆ. ಕೆಲವೇ ದಿನದಲ್ಲಿ ಅವು ಸತ್ತುಹೋಗುತ್ತವೆ. ಮಧ್ಯಾಹ್ನ ಓದುವಾಗಲೇ ನನ್ನ ಎದೆ ಧಸಕ್ಕೆಂದಿತು. ಹಿಂದಿನ ವರ್ಷ ನಾವೂ ಒಂದು ಜಾತ್ರೆಯಿಂದ ಗುಲಾಬಿ ಬಣ್ಣ ಹೊಡೆದ ಕೋಳಿಮರಿ ತಂದಿದ್ದೆವು. ರಟ್ಟಿನ ಡಬ್ಬಿ, ಅದರೊಳಗೆ ಬಲ್ಬು, ಒಂದು ಹಿಡಿ ರಾಗಿ. ಮೂರನೇ ಬೆಳಗ್ಗೆ ಅದು ಮಲಗಿದ ಹಾಗೇ ಇತ್ತು. ಈ ಅಧ್ಯಾಯ ಹಾರಿಸೋಣ ಅಂದುಕೊಂಡೆ. ಗಂಡ, "ಅವಳಿಗೆ ಗೊತ್ತಿಲ್ದೇ ಇರೋದೇನಿದೆ ಅದ್ರಲ್ಲಿ?" ಅಂದರು. ಓದಿದೆ. ಮಗಳು ಪೂರ್ತಿ ಕೇಳಿ, "ಅವಳದ್ದೂ ಹೋಯ್ತಾ" ಅಂದಳು, ಪಕ್ಕದ ಮನೆಯವರ ಸುದ್ದಿ ಕೇಳಿದ ಹಾಗೆ. ಆಮೇಲೆ ನಮ್ಮ ಕೋಳಿಮರಿಯ ಬಗ್ಗೆ ಒಂದು ವರ್ಷದಲ್ಲಿ ಮೊದಲ ಸಲ ಮಾತಾಡಿದಳು. ಡಬ್ಬಿಯೊಳಗೆ ಅದಕ್ಕೆ ಬಲ್ಬಿನ ಬಿಸಿ ಜಾಸ್ತಿ ಆಗಿತ್ತೇನೋ ಅಂತ ಅವಳಿಗೆ ಅನುಮಾನವಿತ್ತಂತೆ. ಬಲ್ಬು ಹಾಕಿದ್ದು ಅವಳೇ.

ಕೊನೆಯ ಹತ್ತಿರ ಬರುವ ಯಾಸುಆಕಿಯ ಸಾವನ್ನು ಮಾತ್ರ ನಾನು ರಾತ್ರಿ ಓದಲಿಲ್ಲ. ಪೋಲಿಯೋ ಆಗಿದ್ದ ಆ ಹುಡುಗನನ್ನು ತೊತ್ತೋಚಾನ್ ಬೆವರಿಳಿಸಿಕೊಂಡು ಮರ ಹತ್ತಿಸಿದ್ದನ್ನು ನಾವು ತಿಂಗಳ ಹಿಂದೆ ಓದಿದ್ದೆವು. ಇಬ್ಬರೂ ಮಕ್ಕಳು ಅವನನ್ನು ನೆಂಟರ ಹುಡುಗನ ಹಾಗೆ ಹಚ್ಚಿಕೊಂಡಿದ್ದರು. ಭಾನುವಾರ ಬೆಳಗ್ಗೆ, ದೋಸೆ ಆದ ಮೇಲೆ, ಬಿಸಿಲು ಬೀಳುವ ಜಗಲಿಯಲ್ಲಿ ಓದಿದೆ. ಶಾಲೆಯೇ ಬಾಂಬು ಬಿದ್ದು ಸುಟ್ಟುಹೋಗುವ ಕೊನೆಯ ಅಧ್ಯಾಯವನ್ನೂ ಹಾಗೇ ಬೆಳಕಿನಲ್ಲಿ ಮುಗಿಸಿದೆವು. ಮಗಳು ಸ್ವಲ್ಪ ಅತ್ತು ಸೈಕಲ್ ಹೊಡೆಯಲು ಹೋದಳು. ನನಗೆ ಬೇಕಾದದ್ದು ಅದೇ. ದುಃಖ ಆದ ಮೇಲೆ ಹೋಗಲು ಒಂದು ಜಾಗ. ಹಾಸಿಗೆಯಲ್ಲಿ ಅದು ಇರಲ್ಲ.

ಈ ಹೊತ್ತಿಗೆ ಜಿಮ್ ಟ್ರೆಲೀಸ್ ಅನ್ನೋ ಅಮೆರಿಕದವರ ಕೈಪಿಡಿಯೊಂದು ಕೈಗೆ ಬಂತು. 1982ರಲ್ಲಿ ಪೆಂಗ್ವಿನ್ ತಂದದ್ದು, ಪೂರ್ತಿ ಪುಸ್ತಕ ಮಕ್ಕಳಿಗೆ ಓದಿ ಹೇಳುವುದರ ಬಗ್ಗೆಯೇ. ಅದರಲ್ಲಿ ನನ್ನ ಕೆಲಸಕ್ಕೆ ಬಂದ ಮಾತು ಒಂದು: ಮಗು ಕೇಳಿ ಅರ್ಥ ಮಾಡಿಕೊಳ್ಳುವುದು ತಾನೇ ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಎಷ್ಟೋ ಮುಂದಿರುತ್ತೆ, ಸುಮಾರು ಎಂಟನೇ ತರಗತಿಗೆ ಎರಡೂ ಸಮವಾಗುತ್ತವೆ ಅಂತ. ಒಂದನೇ ಕ್ಲಾಸಿನವಳು "ಕಮಲ", "ಬಸವ" ಅಂತ ಕೂಡಿಸಿ ಓದುತ್ತಿದ್ದಾಳೆ ಅಂದರೆ ಅವಳ ಕಿವಿಯೂ ಒಂದನೇ ಕ್ಲಾಸಿನಲ್ಲೇ ಇದೆ ಅಂತ ಅಲ್ಲ. ಹೀಗಾಗಿ ಸ್ವಲ್ಪ ಧೈರ್ಯ ಮಾಡಿ ಇ.ಬಿ. ವೈಟ್ 1952ರಲ್ಲಿ ಬರೆದ ಷಾರ್ಲೆಟ್ಸ್ ವೆಬ್ ಹಿಡಿದೆ. ಇಂಗ್ಲಿಷ್ ಪುಸ್ತಕ, ಬಾಯಲ್ಲಿ ಕನ್ನಡ.

ಕಥೆ ಶುರುವಾಗುವುದೇ ಕೊಡಲಿಯಿಂದ. ಬೆಳಗಿನ ತಿಂಡಿ ಹೊತ್ತಿಗೆ ಅಪ್ಪ ಕೊಡಲಿ ಹಿಡಿದು ಹೊರಟಿದ್ದಾನೆ, ಬಡಕಲಾಗಿ ಹುಟ್ಟಿದ ಹಂದಿಮರಿಯನ್ನು ಕೊಲ್ಲಲು. ಜೀರುಂಡೆಯ ನೆನಪು ಇನ್ನೂ ಹಸಿಯಾಗಿತ್ತು. ಆದರೆ ಪೆನ್ಸಿಲ್ ಹಿಡಿದು ನೋಡಿದರೆ, ಆ ಅಧ್ಯಾಯ ಮುಗಿಯುವಷ್ಟರಲ್ಲಿ ಹುಡುಗಿ ಜಗಳವಾಡಿ ಮರಿಯನ್ನು ಉಳಿಸಿಕೊಂಡು, ಬಾಟಲಿಯಲ್ಲಿ ಹಾಲು ಕುಡಿಸಿ, ಅದಕ್ಕೆ ಹೆಸರೂ ಇಟ್ಟಾಗಿರುತ್ತೆ. ಕೊಡಲಿ ಇದ್ದರೂ ನಿದ್ದೆ ಬರುತ್ತೆ. ಗೊಂಬೆಯ ಕಥೆಯಲ್ಲಿ ಅದೇ ಉಲ್ಟಾ, ಹೊಡೆತ ಬಿದ್ದ ಮೇಲೆ ಪರದೆ. ಒಂದರಲ್ಲಿ ಕೊಡಲಿ, ಇನ್ನೊಂದರಲ್ಲಿ ಸುತ್ತಿಗೆ, ಎರಡರ ಮೇಲೂ ಹೆಚ್ಚುಕಮ್ಮಿ ಒಂದೇ ವಯಸ್ಸು ಬರೆದಿರುತ್ತಾರೆ.

ಮೊದಲ ತೊಡಕು ಬಂದದ್ದು ಹಂದಿಯಿಂದಲೇ. ನಮ್ಮ ಮಕ್ಕಳಿಗೆ ಹಂದಿ ಅಂದರೆ ಮೋರಿ ಪಕ್ಕ ಓಡಾಡುವ ಕರೀ ಹಂದಿ. "ಹಂದೀನ ಎತ್ಕೊಂಡು ಮುದ್ದು ಮಾಡ್ತಾಳಾ? ಥೂ!" ಅಂತ ಇಬ್ಬರೂ ಬಿದ್ದು ಬಿದ್ದು ನಕ್ಕರು. ಕರು ಅಂತ ಬದಲಾಯಿಸೋಣವೇ ಅಂತಲೂ ಯೋಚಿಸಿದೆ. ಬೇಡ ಅನ್ನಿಸಿತು. ಐದನೇ ದಿನಕ್ಕೆ ಥೂ ನಿಂತಿತು.

ಆಮೇಲೆ ಹಂದಿಯ ಗೆಳತಿ, ಷಾರ್ಲೆಟ್ ಅನ್ನೋ ಜೇಡ, ತನ್ನ ಬಲೆಯಲ್ಲಿ ಅದರ ಬಗ್ಗೆ ಅಕ್ಷರ ನೇಯುವ ಜಾಗ. ಮೂಲದಲ್ಲಿ ಎರಡೇ ಪದ, "ಸಮ್ ಪಿಗ್". ಇದನ್ನು ಕನ್ನಡದಲ್ಲಿ ಹೇಳೋದು ಹೇಗೆ? "ಹಂದಿ ಅಂದರೆ ಇದಪ್ಪಾ ಹಂದಿ" ಅಂದೆ. ಮಗಳು ತಲೆಯಾಡಿಸಿದಳು. "ಅಷ್ಟುದ್ದ ಬರ್ಯೋಕೆ ಜೇಡಕ್ಕೆ ಸುಸ್ತಾಗಲ್ವಾ?" ಮಗ "ಸೂಪರ್ ಹಂದಿ" ಅಂದ. ಅವತ್ತು ಓದು ಅಲ್ಲಿಗೇ ನಿಂತು, ಹತ್ತು ಗಂಟೆವರೆಗೆ ಮೂವರೂ ಚರ್ಚೆ ಮಾಡಿ ಕೊನೆಗೆ "ಭಲೇ ಹಂದಿ" ಅಂತ ಒಪ್ಪಿಕೊಂಡೆವು. ನಾಲ್ಕೇ ಅಕ್ಷರ. ಜೇಡದ ಕೊನೆಯ ಪದ "ಹಂಬಲ್" ಬಂದಾಗ ನನಗೆ ಇನ್ನೂ ಖುಷಿ. ಅದಕ್ಕೆ ಸೊಕ್ಕಿಲ್ಲದ್ದು, ನೆಲಕ್ಕೆ ಹತ್ತಿರ ಇರುವುದು ಅಂತ ಎರಡು ಅರ್ಥ ಇದೆ ಅಂತ ಜೇಡವೇ ವಿವರಿಸುತ್ತೆ. ಕನ್ನಡದಲ್ಲಿ ಸಿಗಲಿಕ್ಕಿಲ್ಲ ಅಂದುಕೊಂಡು ಮಧ್ಯಾಹ್ನವೆಲ್ಲ ತಲೆ ಕೆಡಿಸಿಕೊಂಡಿದ್ದೆ. ಸಂಜೆ ತರಕಾರಿ ಹೆಚ್ಚುವಾಗ ಹೊಳೆಯಿತು: ತಗ್ಗಿದ್ದು. ತಗ್ಗಿ ನಡೆಯುವವನು, ತಗ್ಗಿನ ನೆಲ. ಎರಡೂ ಒಂದೇ ಪದದಲ್ಲಿ ಕೂತಿದ್ದವು.

ಜೇಡ ಸಾಯುವುದು ಇಪ್ಪತ್ತೊಂದನೇ ಅಧ್ಯಾಯದ ಕೊನೆಯಲ್ಲಿ, ಜಾತ್ರೆ ಮೈದಾನದಲ್ಲಿ, ಹತ್ತಿರ ಯಾರೂ ಇಲ್ಲದೆ. ದೊಡ್ಡವಳಾದ ನನಗೇ ಗಂಟಲು ಕಟ್ಟುತ್ತೆ. ಅದಕ್ಕೆ ನನ್ನ ಗೆರೆ ಪುಸ್ತಕದ ಕೊನೇ ಪುಟದಲ್ಲಿತ್ತು. ಒಂದು ಶನಿವಾರ ಮಧ್ಯಾಹ್ನ ಇಪ್ಪತ್ತೊಂದು, ಇಪ್ಪತ್ತೆರಡು ಎರಡನ್ನೂ ಒಟ್ಟಿಗೆ ಓದಿದೆ. ಚಳಿಗಾಲ ಕಳೆದು ಮೊಟ್ಟೆಚೀಲದಿಂದ ನೂರಾರು ಜೇಡದ ಮರಿಗಳು ಬಂದು, ಎಳೆ ಬಿಟ್ಟುಕೊಂಡು ಗಾಳಿಯಲ್ಲಿ ಹಾರಿಹೋಗಿ, ಮೂರು ಮಾತ್ರ ಹಂದಿಯ ಜೊತೆ ಉಳಿಯುವವರೆಗೂ. ಮುಗಿದಾಗ ಮಗಳು ಅತ್ತಿದ್ದಳು, ಮಗ ಸ್ನಾನದ ಮನೆಯ ಮೂಲೆಯಲ್ಲಿ ಜೇಡ ಹುಡುಕಲು ಹೋಗಿದ್ದ. ಎರಡು ತಿಂಗಳು ಆ ಬಲೆ ಹೊಡೆಯಲು ನನಗೆ ಬಿಡಲಿಲ್ಲ. ನೆಂಟರು ಬಂದಾಗ ನಾಚಿಕೆಯಾಗೋದು.

ಎಲ್ಲವೂ ಗೆರೆಯಿಂದ ಸರಿಹೋಗಲ್ಲ ಅಂತ ಗೊತ್ತಾದದ್ದು 'ಸ್ವಾಮಿ ಅಂಡ್ ಫ್ರೆಂಡ್ಸ್'ನ ಸ್ವಾಮಿಯಿಂದ. ಆರ್.ಕೆ. ನಾರಾಯಣರ 1935ರ ಆ ಮೊದಲ ಕಾದಂಬರಿಯನ್ನು ಎಚ್.ವೈ. ಶಾರದಾಪ್ರಸಾದ್ ಕನ್ನಡಕ್ಕೆ ಮಾಡಿದ್ದಾರೆ. ನಾವಿರೋದು ಮೈಸೂರು. ಯಾದವಗಿರಿಯಲ್ಲಿ ನಾರಾಯಣರಿದ್ದ ಮನೆ ಈಗ ವಸ್ತುಸಂಗ್ರಹಾಲಯ. ಮಕ್ಕಳನ್ನು ಮೊದಲೇ ಕರೆದುಕೊಂಡು ಹೋಗಿ ತೋರಿಸಿ, ಭರ್ಜರಿಯಾಗಿ ಶುರು ಮಾಡಿದೆ. ಯಾರೂ ಸಾಯಲ್ಲ, ಭಯ ಬೀಳುವಂಥದ್ದೂ ಇಲ್ಲ, ತಮಾಷೆಯೇ ತಮಾಷೆ. ಆದರೆ ಮೇಷ್ಟ್ರು ಸ್ವಾಮಿಯ ಕಿವಿ ಹಿಂಡುವ ಕಡೆ ನಾನು ನಗುತ್ತಿದ್ದರೆ ಮಗಳು ನಗಲಿಲ್ಲ. ಆಗಷ್ಟೇ ಹೊಸ ಶಾಲೆಗೆ ಸೇರಿದ್ದಳು. "ಸೋಮವಾರ" ಅನ್ನೋ ಪದ ಕೇಳಿದರೇ ಅವಳ ಹೊಟ್ಟೆ ನೋಯುತ್ತಿದ್ದ ಕಾಲ. ಕಾದಂಬರಿ ಶುರುವಾಗೋದೇ ಸೋಮವಾರ ಬೆಳಗ್ಗೆಯಿಂದ! ಸ್ವಾಮಿಯ ಪಾಡು ನೋಡಿ ನಗಬೇಕಾದರೆ ಆ ಪಾಡಿನಿಂದ ಸ್ವಲ್ಪ ದೂರ ಬಂದಿರಬೇಕು. ಅವಳು ಅದರೊಳಗೇ ಇದ್ದಳು. ಮೂರನೇ ಅಧ್ಯಾಯಕ್ಕೆ ನಿಲ್ಲಿಸಿ, ಹತ್ತು ವರ್ಷಕ್ಕೆ ಓದೋಣ ಅಂತ ಮೇಲಿಟ್ಟೆ.

ಮೇಲೆ ಅಂದರೆ ಬೀರುವಿನ ತಲೆಯ ಮೇಲೆ. ಹಾಗೆ ನಡುವೆ ನಿಂತವೆಲ್ಲ ಅಲ್ಲಿರುತ್ತವೆ. ಕಳೆದ ತಿಂಗಳು ಧೂಳು ಹೊಡೆಯುವಾಗ ಪಿನೋಕಿಯೋ ಕೆಳಗೆ ಬಂತು. ಮಧ್ಯಾಹ್ನ ಕೂತು ಮೊದಲ ಸಲ ಪೂರ್ತಿ ಓದಿದೆ. ಕೊಲ್ಲೋದಿ ಇದನ್ನು 1881ರಲ್ಲಿ ಮಕ್ಕಳ ಪತ್ರಿಕೆಗೆ ಧಾರಾವಾಹಿಯಾಗಿ ಬರೆಯಲು ಶುರು ಮಾಡಿ, ಹದಿನೈದನೇ ಅಧ್ಯಾಯದಲ್ಲಿ ಗೊಂಬೆಯನ್ನು ಮರಕ್ಕೆ ನೇಣು ಹಾಕಿಸಿ ಅಲ್ಲಿಗೇ ಕೈ ತೊಳೆದುಕೊಂಡಿದ್ದರಂತೆ. ಆಮೇಲೆ ಮತ್ತೆ ಮುಂದುವರಿಸಿದ್ದಕ್ಕೆ ಕಥೆ ಮೂವತ್ತಾರು ಅಧ್ಯಾಯದವರೆಗೆ ಬಂತು. ಇಟಲಿಯ ಆ ಕಾಲದ ಮಕ್ಕಳು ನಾಲ್ಕು ತಿಂಗಳು ನೇತಾಡುವ ಗೊಂಬೆಯನ್ನು ತಲೆಯಲ್ಲಿಟ್ಟುಕೊಂಡೇ ಮಲಗಿರಬೇಕು ಪಾಪ.

ಅದಿರಲಿ. ಹದಿಮೂರನೇ ಅಧ್ಯಾಯದಲ್ಲಿ ಜೀರುಂಡೆಯ ನೆರಳು ಮತ್ತೆ ಬರುತ್ತೆ. ಹದಿನಾರರಲ್ಲಂತೂ ಜೀರುಂಡೆಯೇ ವೈದ್ಯನಾಗಿ ಬಂದು ಗೊಂಬೆಯ ಮಂಚದ ಪಕ್ಕ ನಿಲ್ಲುತ್ತೆ, ಗುಂಡುಕಲ್ಲಿನ ಹಾಗೆ.

ಮಗಳಿಗೆ ಈಗ ಏಳೂವರೆ. ಶಾಲೆಯಿಂದ ಬಂದು ಬ್ಯಾಗು ಇಳಿಸುವ ಮೊದಲೇ ಹೇಳಿದೆ. "ಆ ಜೀರುಂಡೆ ಇತ್ತಲ್ಲ, ಸುತ್ತಿಗೆ ಏಟು ತಿಂದಿದ್ದು, ಅದು ಆಮೇಲೆ ವಾಪಸ್ ಬರತ್ತೆ ಕಣೇ."

ಅವಳು ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. "ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?"